ಮಾಲ್ಮೋದಲ್ಲಿ ಮುಖವಿಲ್ಲದ ಮೀನು

ಬಂದಿಳಿದ ದಿನ

ಮುಖ ನೋಡದೆ ನಾನು ಯಾವ ಮೀನನ್ನೂ ತಿಂದವಳಲ್ಲ. ಕುಂದಾಪುರದ ಮೀನು ಮಾರುಕಟ್ಟೆಯಲ್ಲಿ ಬುಟ್ಟಿಯ ಮುಂದೆ ಕುಕ್ಕರುಗಾಲಲ್ಲಿ ಕೂತು, ಕಣ್ಣು ಹೊಳೆಯುತ್ತಿದೆಯೇ ನೋಡಿ, ಕಿವಿರು ಎತ್ತಿ ಒಳಗಿನ ಕೆಂಪು ಪರೀಕ್ಷಿಸಿ, ಹೊಟ್ಟೆಗೆ ಹೆಬ್ಬೆರಳು ಒತ್ತಿ, ಒತ್ತಿದ ಜಾಗ ಪುಟಿದು ಮೇಲೆ ಬಂದರೆ ಮಾತ್ರ ಚೌಕಾಸಿಗೆ ಇಳಿಯುವುದು ನನ್ನ ಕ್ರಮ. ಸರ್ಕಾರಿ ಆಸ್ಪತ್ರೆಯಲ್ಲಿ ಮೂವತ್ತನಾಲ್ಕು ವರ್ಷ ನರ್ಸ್ ಆಗಿದ್ದವಳು ನಾನು. ಅದರಲ್ಲಿ ಕೊನೆಯ ಹನ್ನೊಂದು ವರ್ಷ ಸೂಪರಿಂಟೆಂಡೆಂಟ್. ರೋಗಿಗಳನ್ನು ಸೇರಿಸಿಕೊಳ್ಳುವಾಗಲೂ ಇಷ್ಟು ತಪಾಸಣೆ ಮಾಡಿದ ನೆನಪಿಲ್ಲ.

ಇಂಥ ನಾನು ಮೇ ತಿಂಗಳಲ್ಲಿ ಮೂರು ವಾರಕ್ಕೆಂದು ಸ್ವೀಡನ್ನಿನ ಮಾಲ್ಮೋಗೆ ಹೋದೆ. ಅಲ್ಲಿ ನನ್ನ ತಂಗಿಯ ಮಗಳು ಶ್ವೇತಾ, ಅವಳ ಗಂಡ ಗಿರೀಶ, ಒಂಬತ್ತು ವರ್ಷದ ಮಗಳು ಅನ್ವಿ ಇದ್ದಾರೆ. ಶ್ವೇತಾ ಬೆಳಿಗ್ಗೆ ರೈಲು ಹತ್ತಿ, ಸಮುದ್ರದ ಮೇಲಿನ ಸೇತುವೆ ದಾಟಿ ಡೆನ್ಮಾರ್ಕಿನಲ್ಲಿ ಕೆಲಸ ಮಾಡಿ, ಸಂಜೆ ಸ್ವೀಡನ್ನಿಗೆ ವಾಪಸು ಬರುತ್ತಾಳೆ. ನಮ್ಮಲ್ಲಿ ಹೊಳೆಯಾಚೆಯ ಗಂಗೊಳ್ಳಿಗೆ ಹೋಗಿ ಬಂದಷ್ಟೇ ಸಲೀಸು, ಬಸ್ಸಿನಲ್ಲಿ ಕಂಡಕ್ಟರನ ಬೈಗುಳ ಮಾತ್ರ ಇಲ್ಲ. ಗಿರೀಶ ದಾವಣಗೆರೆಯವನು, ಸಸ್ಯಾಹಾರಿ. ಮೀನಿನ ವಿಷಯ ಬಂದರೆ ತಟಸ್ಥ. ಸ್ವೀಡನ್ ದೇಶವೇ ತನ್ನ ತಟಸ್ಥ ನೀತಿಯನ್ನು ಬಿಟ್ಟಿತು, ಈತ ಬಿಟ್ಟಿಲ್ಲ.

ಮೊದಲ ರಾತ್ರಿಯ ಊಟ ಎಂದು ಕರೆದದ್ದು ಸಂಜೆ ಆರಕ್ಕೆ ಆಯಿತು. ಹೊರಗೆ ನಮ್ಮ ಮಧ್ಯಾಹ್ನ ಮೂರರ ಬಿಸಿಲು. ನನಗೆ ಆಕ್ಷೇಪವಿಲ್ಲ, ನಾನೂ ಆರೂವರೆಗೆ ಉಣ್ಣುವವಳೇ. ಆದರೆ ಅನ್ವಿಯ ತಟ್ಟೆ ನೋಡಿದೆ. ಅನ್ನ, ಮೊಸರು, ಸೌತೆಕಾಯಿ.

"ಮೀನು ತಿಂಬುದಿಲ್ವಾ?" ಎಂದೆ.

"ತಿಂತಾಳೆ ದೊಡ್ಡಮ್ಮ, ಪೆಟ್ಟಿಗೇದು. ಮುಳ್ಳಿದ್ರೆ ಮುಟ್ಟಲ್ಲ" ಎಂದಳು ಶ್ವೇತಾ. ಆಮೇಲೆ ಮಗಳು ಕೈ ತೊಳೆಯಲು ಎದ್ದಾಗ ದನಿ ತಗ್ಗಿಸಿ ವಿಷಯ ಹೇಳಿದಳು. ಡಿಸೆಂಬರಿನಲ್ಲಿ ಕುಂದಾಪುರದಲ್ಲಿ ಶ್ವೇತಾಳ ತಮ್ಮನ ಮದುವೆ. ಅನ್ವಿ ಬರುವುದಿಲ್ಲ ಎಂದು ಹಟ ಹಿಡಿದಿದ್ದಾಳೆ. ಮೂರು ವರ್ಷದ ಹಿಂದೆ ಊರಿಗೆ ಬಂದಾಗ ನೆಂಟರ ಮಕ್ಕಳ ಊಟದ ಸಾಲಿನಲ್ಲಿ ಇವಳ ಎಲೆಗೂ ಒಂದು ಇಡೀ ಬಂಗುಡೆ ಮೀನು ಬಿತ್ತು. ಅದರ ಕಣ್ಣು ನೋಡಿ ಇವಳು ಅತ್ತಳು. ಅಂದಿನಿಂದ ಹೊರಡುವವರೆಗೆ ಹನ್ನೊಂದು ದಿನ ಆ ಮಕ್ಕಳು ಇವಳನ್ನು ಕರೆದದ್ದು ಪೆಟ್ಟಿಗೆಯಲ್ಲಿ ಬರುವ ಮುಳ್ಳಿಲ್ಲದ ಮೀನಿನ ಕಡ್ಡಿಯ ಹೆಸರಿನಿಂದ, "ಫಿಶ್ ಫಿಂಗರ್" ಎಂದು. "ಫಿಶ್ ಫಿಂಗರ್ ಬಂತ್ ಕಾಣ್", "ಫಿಶ್ ಫಿಂಗರಿಗೆ ಮೊಸ್ರ್ ಹಾಕಿ." ಅನ್ವಿಗೆ ಕನ್ನಡ ಪೂರ್ತಿ ಬಾರದಿದ್ದರೂ ಅಷ್ಟು ಚೆನ್ನಾಗಿ ಅರ್ಥವಾಗಿತ್ತು.

"ನಾನೂ ಕಲಿಸ್ಲಿಲ್ಲ ದೊಡ್ಡಮ್ಮ. ಇವ್ಳಿಗೆ ಮೂರು ವರ್ಷ ಇರುವಾಗ ಮುಳ್ಳು ಚುಚ್ಚಿತು ಅಂತ ಆಸ್ಪತ್ರೆಗೆ ಓಡಿದ್ದೆ. ನಾಕು ಗಂಟೆ ಕೂತದ್ದು. ಮುಳ್ಳೇ ಇರ್ಲಿಲ್ಲ. ಆಮೇಲೆ ಮುಳ್ಳಿನ ಮೀನು ತಂದದ್ದೇ ಇಲ್ಲ."

ಮೀನು ತಿನ್ನುವ ಮನೆಯಲ್ಲಿ ಹುಟ್ಟಿದವಳ ಮಾತು ಇದು! ನಮ್ಮಲ್ಲಿ ಐದು ವರ್ಷದ ಮಗು ಬೂತಾಯಿ ಮೀನನ್ನು ಒಂದು ಬದಿಯಿಂದ ಬಿಡಿಸಿ, ಬೆನ್ನುಮುಳ್ಳನ್ನು ಬಾಚಣಿಗೆಯ ಹಾಗೆ ಇಡಿಯಾಗಿ ಎತ್ತಿ ಪಕ್ಕಕ್ಕೆ ಇಡುತ್ತದೆ.

"ಹದಿನೆಂಟು ದಿನ ಸಾಕು" ಎಂದೆ. "ಮದುವೆಗೆ ಅವಳು ಬತ್ತಾಳೆ, ಮುಳ್ಳಿನ ಮೀನೂ ತಿಂತಾಳೆ. ಹೊಸ ನರ್ಸುಗಳಿಗೆ ನಾನು ಮೂರು ದಿನದಲ್ಲಿ ಇಂಜೆಕ್ಷನ್ ಕೊಡೂಕೆ ಕಲಿಸಿದವಳು, ಗೊತ್ತಲ್ದಾ?"

ಬಚ್ಚಲಿನ ಕಡೆಯಿಂದ ದನಿ ಬಂತು: "ಐ ಆ್ಯಮ್ ನಾಟ್ ಎ ನರ್ಸ್, ಅಮ್ಮಮ್ಮಾ."

ಕಿವಿ ಮಾತ್ರ ನಮ್ಮ ಮನೆಯದೇ.

ಒಗೆಯುವ ಕೋಣೆ

ನನ್ನ ದಿನ ಬೆಳಗಿನ ನಾಲ್ಕೂವರೆಗೆ ಶುರುವಾಗುತ್ತದೆ. ಊರಿನಲ್ಲಿ ಇದಕ್ಕಾಗಿ ನನ್ನನ್ನು ಎಲ್ಲರೂ ಶಪಿಸುತ್ತಾರೆ. ಮಾಲ್ಮೋದಲ್ಲಿ ನಾಲ್ಕೂವರೆಗೆ ಸೂರ್ಯನೇ ಎದ್ದು ಕೂತಿದ್ದ. ಮೊದಲ ಸಲ ನನಗಿಂತ ಶಿಸ್ತಿನವರು ಒಬ್ಬರು ಸಿಕ್ಕರು ಎಂದು ಖುಷಿಯಾಯಿತು. ಆ ಖುಷಿ ಒಗೆಯುವ ಕೋಣೆಯವರೆಗೆ ಬಾಳಿತು.

ಅಲ್ಲಿ ಇಡೀ ಕಟ್ಟಡಕ್ಕೆ ನೆಲಮಾಳಿಗೆಯಲ್ಲಿ ಒಂದೇ ಒಗೆಯುವ ಕೋಣೆ. ಗೋಡೆಯ ಹಲಗೆಯಲ್ಲಿ ಪ್ರತಿ ಮನೆಯವರೂ ತಮ್ಮ ಗಂಟೆಯನ್ನು ಮೊದಲೇ ಕಾದಿರಿಸಬೇಕು. ನಮ್ಮ ಪಾಳಿ ಹತ್ತಕ್ಕೆ. ನಾನು ಹತ್ತಕ್ಕೆ ಸರಿಯಾಗಿ ಹೋದೆ. ಹಿಂದಿನ ಪಾಳಿಯವರ ಬಟ್ಟೆ ಇನ್ನೂ ಯಂತ್ರದಲ್ಲೇ ಇತ್ತು. ತೆಗೆದು ನೆಲಕ್ಕೆ ಹಾಕುವ ಜಾತಿ ನಾನಲ್ಲ. ಒಂದೊಂದನ್ನೂ ಕೊಡವಿ, ಚಾದರಗಳನ್ನು ಮೂಲೆಗೆ ಮೂಲೆ ಕೂಡಿಸಿ, ಒಳಉಡುಪುಗಳನ್ನು ಅಳತೆಯ ಪ್ರಕಾರ ವಿಂಗಡಿಸಿ, ವಾರ್ಡಿನ ಕಪಾಟಿನ ಹಾಗೆ ಜೋಡಿಸಿ ಇಟ್ಟೆ.

ಮರುದಿನ ಆ ಕೋಣೆಯ ಬಾಗಿಲಿಗೆ ಒಂದು ಚೀಟಿ ಅಂಟಿತ್ತು. ಅನ್ವಿ ಓದಿ ಹೇಳಿದಳು: "ಪ್ರೀತಿಯ ನೆರೆಯವರೇ, ದಯವಿಟ್ಟು ಬೇರೆಯವರ ಬಟ್ಟೆ ಮುಟ್ಟಬೇಡಿ. ಆದರೆ ಇಷ್ಟು ಚೆನ್ನಾಗಿ ಯಾರೂ ಮಡಿಸಿರಲಿಲ್ಲ. ಧನ್ಯವಾದ." ಕೊನೆಯಲ್ಲಿ ನಗುವ ಮುಖದ ಚಿತ್ರ.

"ಯಾರು ಬರೆದದ್ದು?"

"ಹೆಸ್ರಿಲ್ಲ."

"ಎದುರು ಬಂದು ಹೇಳಬಹುದಿತ್ತಲ್ಲ?"

ಅನ್ವಿ ನನ್ನನ್ನು ಕನಿಕರದಿಂದ ನೋಡಿದಳು. "ಅಮ್ಮಮ್ಮಾ, ಎದುರು ಬಂದ್ರೆ ಜಗಳ ಆಗುತ್ತಲ್ಲ."

ಈ ದೇಶದಲ್ಲಿ ಬಾಯಿಗೆ ಕೆಲಸ ಕಡಿಮೆ, ಕಾಗದಕ್ಕೆ ಹೆಚ್ಚು. ಬೈಗುಳ ಕಾಗದದಲ್ಲಿ, ಮೆಚ್ಚುಗೆ ಕಾಗದದಲ್ಲಿ. ಲಿಫ್ಟಿನಲ್ಲಿ ಕಾಗದ, ಕಸದ ಕೋಣೆಯಲ್ಲಿ ಒಂಬತ್ತು ಡಬ್ಬಗಳಿಗೆ ಒಂಬತ್ತು ಕಾಗದ. ಒಂದು ವಾರದಲ್ಲಿ ನಾನು ಒಂದು ತೀರ್ಮಾನಕ್ಕೆ ಬಂದೆ: ಇವರ ಕಾಗದಗಳನ್ನು ಓದಿಸಿಕೊಳ್ಳುವುದನ್ನು ನಿಲ್ಲಿಸಬೇಕು. ಓದಿಸಿಕೊಂಡಷ್ಟೂ ತಪ್ಪುಗಳು ಜಾಸ್ತಿಯಾಗುತ್ತವೆ.

ಈ ತೀರ್ಮಾನ ನೆನಪಿಡಿ. ಮುಂದೆ ನನ್ನ ಗಂಟಲಿಗೆ ಬಂದದ್ದು ಇದೇ.

ಗೋದಾಮು

ಎರಡನೆಯ ಶನಿವಾರ ಗಿರೀಶ ನಮ್ಮನ್ನು ಊರ ಹೊರಗಿನ ಒಂದು ಗೋದಾಮಿಗೆ ಕರೆದುಕೊಂಡು ಹೋದ. ಅಂಗಡಿ ಎಂದು ಅವರು ಹೇಳುತ್ತಾರೆ, ಆದರೆ ಅದು ಗೋದಾಮೇ. ಮಾಡಿನವರೆಗೆ ಕಬ್ಬಿಣದ ಅಟ್ಟಣಿಗೆ, ಅದರ ಮೇಲೆ ಪೆಟ್ಟಿಗೆ, ಪೆಟ್ಟಿಗೆಯ ಮೇಲೆ ಪೆಟ್ಟಿಗೆ. ಒಳಗೆ ಹೋಗಲು ಫೋಟೊ ಇರುವ ಕಾರ್ಡು ತೋರಿಸಬೇಕು. ಟೂತ್‌ಪೇಸ್ಟ್ ಕೊಳ್ಳಲು ಗುರುತಿನ ಚೀಟಿ! ತಳ್ಳುವ ಗಾಡಿ ನಮ್ಮ ಆಸ್ಪತ್ರೆಯ ಸ್ಟ್ರೆಚರಿಗಿಂತ ದೊಡ್ಡದು, ಚಕ್ರಗಳು ಮಾತ್ರ ನೆಟ್ಟಗೆ ಓಡುತ್ತಿದ್ದವು. ಮೂರು ಜನರ ಸಂಸಾರದವರು ಮೂವತ್ತು ಜನರ ಹಾಸ್ಟೆಲಿಗೆ ಆಗುವಷ್ಟು ಟಿಶ್ಯೂ ಕಾಗದ ಹೇರಿಕೊಂಡು ಗಂಭೀರವಾಗಿ ಸಾಗುತ್ತಿದ್ದರು. ಯಾವ ಅನಾಹುತಕ್ಕೆ ಈ ತಯಾರಿ ಎಂದು ನಾನು ಕೇಳಲಿಲ್ಲ.

ಶೈತ್ಯಪೆಟ್ಟಿಗೆಗಳ ಸಾಲಿಗೆ ಬಂದಾಗ ಶಾಲು ಹೊದ್ದುಕೊಂಡೆ. ಗಾಜಿನ ಬಾಗಿಲು, ಒಳಗೆ ಬಿಳಿ ಬೆಳಕು, ಮಂಜು. ನನ್ನ ಅನುಭವದಲ್ಲಿ ಇಷ್ಟು ಚಳಿಯಲ್ಲಿ ಇಡುತ್ತಿದ್ದದ್ದು ಗುರುತು ಹಚ್ಚಲು ಯಾರೂ ಬಾರದವರನ್ನು. ಇಲ್ಲಿಯೂ ಹಾಗೆಯೇ. ಮೀನು ಎಂದು ಬರೆದಿದ್ದರು, ಗುರುತು ಹಿಡಿಯುವುದು ಯಾರಿಂದಲೂ ಸಾಧ್ಯವಿರಲಿಲ್ಲ.

ಅನ್ವಿ ಒಂದು ಬಾಗಿಲು ತೆರೆದು ದೊಡ್ಡ ಪೆಟ್ಟಿಗೆ ಎಳೆದಳು. ಸಾಲ್ಮನ್ ಬರ್ಗರ್, ಹನ್ನೆರಡು. ಪೆಟ್ಟಿಗೆಯ ಮೇಲೆ ನೀರಿನಿಂದ ಚಿಮ್ಮುವ ಮೀನಿನ ಚಿತ್ರ. ಒಂದು ಪಾರದರ್ಶಕ ಕಿಂಡಿಯಿಂದ ಒಳಗಿನ ವಸ್ತು ಕಾಣುತ್ತಿತ್ತು: ದುಂಡಗೆ, ಚಪ್ಪಟೆ, ಗುಲಾಬಿ ಬಣ್ಣ. ನಮ್ಮ ವಾರ್ಡಿನ ಪೌಡರ್ ಡಬ್ಬಿಯ ಮುಚ್ಚಳದಷ್ಟು ಅಗಲ.

"ಇದರಲ್ಲಿ ಮೀನು ಎಲ್ಲಿ?"

"ಇಡೀ ಇದೇ ಮೀನು, ಅಮ್ಮಮ್ಮಾ."

"ತಲೆ?"

"ಇಲ್ಲ."

"ಬಾಲ?"

"ಇಲ್ಲ."

"ಮುಳ್ಳು?"

"ಇರಲ್ಲ. ಮುಂದೆ ದೊಡ್ಡದಾಗಿ ಬರ್ದಿದಾರೆ." ಅವಳು ಪೆಟ್ಟಿಗೆ ತಿರುಗಿಸಿದಳು. "ವೇಯ್ಟ್. ಹಿಂದೆ ಚಿಕ್ಕದಾಗಿ ಏನೋ ಬರ್ದಿದೆ..."

"ಬಿಡು ಮಗಾ. ಇವರು ಬಾಗಿಲ ಮೇಲೆ ಇದು ಬಾಗಿಲು ಅಂತ ಬರೆಯುವ ಜನ." ನಾನು ಪೆಟ್ಟಿಗೆಯನ್ನು ವಾಪಸು ಇಡಲು ಹೋದೆ. "ಮುಖ ಇಲ್ಲದ್ದನ್ನು ನಾನು ತಿಂಬುದಿಲ್ಲ."

"ಟೇಸ್ಟ್ ಮಾಡದೇನೇ?"

"ಮಾಡದೇನೇ."

ಅವಳ ಮುಖದಲ್ಲಿ ಒಂದು ಬೆಳಕು ಮೂಡಿತು. ವಾದದಲ್ಲಿ ಎದುರಾಳಿ ಬಾವಿಗೆ ತಾನೇ ಬಿದ್ದಾಗ ಮೂಡುವ ಬೆಳಕು. "ನಾನು ಬಂಗುಡೆ ಟೇಸ್ಟ್ ಮಾಡದೇನೇ ಬೇಡ ಅಂದ್ರೆ ನೀನು ಬೈತೀಯ. ನಿಂಗೆ ಮುಖ ಇಲ್ಲ ಅಂದ್ರೆ ಭಯ. ನಂಗೆ ಮುಖ ಇದೆ ಅಂದ್ರೆ ಭಯ. ಸೇಮ್ ಅಲ್ವಾ?"

ಗಿರೀಶ ಪಕ್ಕದ ಬಾಗಿಲಿನ ಹೆಪ್ಪುಗಟ್ಟಿದ ಬಟಾಣಿಯನ್ನು ಬಹಳ ಆಸಕ್ತಿಯಿಂದ ನೋಡತೊಡಗಿದ.

"ಸರಿ" ಎಂದೆ. "ನಾನು ಇದನ್ನು ತಿಂದರೆ?"

"ನೀನು ಒಂದು ಪೂರ್ತಿ ತಿಂದ್ರೆ ನಾನು ಮುಳ್ಳಿರೋ ಮೀನು ಒಂದು ಪೀಸ್ ಪೂರ್ತಿ ತಿಂತೀನಿ. ತಿಂದ್ರೆ ಡಿಸೆಂಬರಿಗೂ ಬರ್ತೀನಿ. ಆದ್ರೆ ನೀನು ಫಸ್ಟ್."

ಕೈ ಕುಲುಕಿದೆವು. ಅವಳ ಕೈ ಪೆಟ್ಟಿಗೆ ಹಿಡಿದು ತಣ್ಣಗಾಗಿತ್ತು, ಹಿಡಿತ ಮಾತ್ರ ಗಟ್ಟಿ. ಗಿರೀಶ ಸಾಕ್ಷಿ. "ನಂಗೇನೂ ಗೊತ್ತಿಲ್ಲಪ್ಪ" ಎಂದು ಆಗಲೇ ಹೇಳಿಕೆ ಕೊಟ್ಟ.

ಬಂದರು

ವಾಪಸು ಬರುವ ದಾರಿಯಲ್ಲಿ ಅನ್ವಿ ಒಂದು ಕಾಗದದ ಚೀಲದಿಂದ ಮಿಠಾಯಿ ತೆಗೆದು ತಿನ್ನುತ್ತಿದ್ದಳು. ಸ್ವೀಡನ್ನಿನ ಮಕ್ಕಳು ಮಿಠಾಯಿ ತಿನ್ನುವುದು ಶನಿವಾರ ಮಾತ್ರ. ಉಳಿದ ಆರು ದಿನ ಕೇಳುವುದೂ ಇಲ್ಲ. ಈ ದೇಶದಲ್ಲಿ ನಾನು ಪೂರ್ಣ ಮನಸ್ಸಿನಿಂದ ಒಪ್ಪಿದ ಒಂದೇ ಪದ್ಧತಿ ಇದು. ಹಾಗೆಂದು ಹೊಗಳಿದೆ.

"ನೀನು ಸೋಮವಾರ ಮೀನು ತಿನ್ನಲ್ವಲ್ಲ, ಹಾಗೇ" ಎಂದಳು.

"ಅದು ದೇವರಿಗೆ."

"ಇದು ಹಲ್ಲಿಗೆ."

ನಾನು ಕಿಟಕಿಯಿಂದ ಹೊರಗೆ ನೋಡಿದೆ.

ಹಳೆಯ ಬಂದರಿನ ಹತ್ತಿರ ಮರದ ಪುಟ್ಟ ಗುಡಿಸಲುಗಳ ಸಾಲು ಇದೆ, ಅಲ್ಲಿ ಮೀನು ಮಾರುತ್ತಾರೆ. ಕಾರಿನಿಂದ ಇಳಿದೊಡನೆ ವಾಸನೆ ಬಂತು. ಹನ್ನೆರಡು ದಿನಗಳ ನಂತರ ಮೊದಲ ಸಲ ಈ ದೇಶಕ್ಕೆ ಒಂದು ವಾಸನೆ! ನನ್ನ ಕಾಲು ತಾನಾಗಿ ಚುರುಕಾಯಿತು.

ಗುಡಿಸಲಿನೊಳಗೆ ಮೂವರು ನಿಂತಿದ್ದರು, ಒಬ್ಬರಿಂದ ಒಬ್ಬರಿಗೆ ಒಂದು ಮಾರು ದೂರ, ಪರಸ್ಪರ ಗುರುತಿಲ್ಲದವರ ಹಾಗೆ. ಇದನ್ನು ಸಾಲು ಎಂದು ಯಾರು ತಿಳಿಯಬೇಕು? ನಾನು ನೇರ ಮುಂದೆ ಹೋದೆ. ಮಂಜುಗಡ್ಡೆಯ ಮೇಲೆ ಮೊಳಕ್ಕಿಂತ ಉದ್ದದ ಬೆಳ್ಳಿ ಬಣ್ಣದ ಮೀನುಗಳು ಮಲಗಿದ್ದವು. ಹಾವಿನ ಮೈ, ಹಕ್ಕಿಯ ಹಾಗೆ ಉದ್ದ ಕೊಕ್ಕು, ಕೊಕ್ಕಿನ ತುಂಬ ಸೂಜಿಯಂಥ ಹಲ್ಲು. ಎಂಥ ಮುಖ! ಹನ್ನೆರಡು ದಿನದ ಬಾಕಿಯೆಲ್ಲ ತೀರುವಂಥ ಮುಖ. ಕಣ್ಣು ನೋಡಿದೆ. ಕಿವಿರು ಎತ್ತಿ ಬೆರಳು ಹಾಕಿದೆ. ಹೊಟ್ಟೆ ಒತ್ತಿದೆ.

ನಿಂತಿದ್ದವರಲ್ಲಿ ಒಬ್ಬ ಹೆಂಗಸು ತನ್ನ ಕೈಯಲ್ಲಿದ್ದ ಚೀಟಿಯನ್ನು ನೋಡಿಕೊಂಡಳು. ಬಾಗಿಲ ಪಕ್ಕದ ಯಂತ್ರದಿಂದ ಸರದಿಯ ಚೀಟಿ ಹರಿದುಕೊಳ್ಳಬೇಕಿತ್ತಂತೆ. ಮೀನು ಮುಟ್ಟಬಾರದು ಎಂದು ನನ್ನ ತಲೆಯ ಮೇಲೇ ಒಂದು ಕಾಗದವೂ ಇತ್ತಂತೆ. ಅನ್ವಿ ಇವೆರಡನ್ನೂ ಹಲ್ಲು ಕಚ್ಚಿ ಪಿಸುಗುಟ್ಟಿದಳು, ಕತ್ತಿನವರೆಗೆ ಕೆಂಪಾಗಿ.

ಮೀನು ಮಾರುವವನು ನನ್ನ ವಯಸ್ಸಿನವನು. ರಬ್ಬರ್ ಏಪ್ರನ್ನು, ಬಿರುಕುಬಿಟ್ಟ ಕೈ. ಕಿವಿರಿನಲ್ಲಿದ್ದ ನನ್ನ ಬೆರಳನ್ನು ನೋಡಿದ. ಆಮೇಲೆ ಇಂಗ್ಲಿಷಿನಲ್ಲಿ ಕೇಳಿದ: "ಹೇಗಿದೆ?"

"ಇವತ್ತಿನದು" ಎಂದೆ.

"ಬೆಳಿಗ್ಗೆ ಐದಕ್ಕೆ ಹಿಡಿದದ್ದು" ಎಂದ. ಇಬ್ಬರಿಗೂ ಸಮಾಧಾನವಾಯಿತು. ಆದರೂ ನಾನು ಹೋಗಿ ಚೀಟಿ ಹರಿದುಕೊಂಡು ನಾಲ್ಕನೆಯವಳಾಗಿ ನಿಲ್ಲಬೇಕಾಯಿತು. ಸಮಾಧಾನ ಬೇರೆ, ಸರದಿ ಬೇರೆ.

ಆ ಮೀನು ವಸಂತದಲ್ಲಿ ಕೆಲವೇ ವಾರ ಈ ನೀರಿಗೆ ಬರುತ್ತದಂತೆ. ಅದರ ಮುಳ್ಳು ಹಸಿರು. ಬೇಯಿಸಿದರೂ ಹಸಿರೇ. ನಾನು ನಂಬಲಿಲ್ಲ. ಆತ ಒಂದು ತುಂಡನ್ನು ಸೀಳಿ ತೋರಿಸಿದ. ಎಳೆ ಬಾಳೆಯ ಸುಳಿಯ ಬಣ್ಣದ ಬೆನ್ನುಮುಳ್ಳು! ಅನ್ವಿ ನನ್ನ ಬೆನ್ನ ಹಿಂದಿನಿಂದ ಮುಂದೆ ಬಂದಳು. ಈ ಮಗುವಿಗೆ ಮುಳ್ಳು ಕಲಿಸಲು ಇದಕ್ಕಿಂತ ಒಳ್ಳೆಯ ಮೀನು ಯಾವ ಸಮುದ್ರದಲ್ಲೂ ಸಿಗಲಾರದು. ತಲೆ ಕತ್ತರಿಸಲೇ ಎಂದು ಆತ ಕೇಳಿದ. ಬೇಡ ಎಂದೆ. ಬೇಯಿಸುವುದಕ್ಕಲ್ಲ, ಮುಖವಿತ್ತು ಎಂಬ ಸಾಕ್ಷಿಗೆ.

ಶನಿವಾರ ಸಂಜೆ ಆರೂವರೆ

ಕೊಕ್ಕಿನ ಮೀನನ್ನು ತುಂಡು ಮಾಡಿ, ಊರಿನಿಂದ ತಂದ ಖಾರದ ಪುಡಿ, ಹುಳಿ, ಉಪ್ಪು ಹಚ್ಚಿ ಇಟ್ಟೆ. ಮೊದಲು ನನ್ನ ಪಾಳಿ. ಬರ್ಗರನ್ನು ಅನ್ವಿಯೇ ಬಾಣಲೆಗೆ ಹಾಕಿದಳು. ಪೆಟ್ಟಿಗೆಯಲ್ಲಿ ಬರೆದಂತೆ ಒಂದು ಬದಿಗೆ ಇಷ್ಟು ನಿಮಿಷ, ಇನ್ನೊಂದು ಬದಿಗೆ ಇಷ್ಟು ಎಂದು ಫೋನಿನಲ್ಲಿ ಗಂಟೆ ಇಟ್ಟು ಕಾಯಿಸಿದಳು. ಆಮೇಲೆ ಬನ್ನು, ಒಂದು ಎಲೆ, ಬಿಳಿ ಸಾಸು. ನಾನು ಬನ್ನನ್ನೂ ಎಲೆಯನ್ನೂ ಪಕ್ಕಕ್ಕಿಟ್ಟು ಅನ್ನ ಹಾಕಿಸಿಕೊಂಡೆ. ಒಪ್ಪಂದದಲ್ಲಿ ಬನ್ನಿನ ಮಾತಿರಲಿಲ್ಲ.

ಮೂವರೂ ನನ್ನ ಬಾಯಿಯನ್ನೇ ನೋಡುತ್ತಿದ್ದರು. ಗಿರೀಶ ಕೂಡ.

ಸತ್ಯ ಹೇಳಬೇಕು. ರುಚಿ ಕೆಟ್ಟದಾಗಿರಲಿಲ್ಲ. ಅದೇ ಅದರ ಮೇಲಿನ ನನ್ನ ದೊಡ್ಡ ದೂರು. ಒಳ್ಳೆಯದೂ ಇರಲಿಲ್ಲ, ಕೆಟ್ಟದೂ ಇರಲಿಲ್ಲ. ಮೆತ್ತಗೆ, ಸಭ್ಯವಾಗಿ, ಯಾರಿಗೂ ತೊಂದರೆ ಕೊಡದ ಹಾಗೆ ಇತ್ತು. ಹೆಸರು ಹಾಕದೆ ಚೀಟಿ ಅಂಟಿಸುವವರು ಮೀನು ಮಾಡಿದರೆ ಹೀಗೆಯೇ ಆಗುತ್ತದೆ. ಬಂಗುಡೆ ತಿನ್ನುವಾಗ ನಾಲಿಗೆ, ಹಲ್ಲು, ಬೆರಳು ಮೂರೂ ಕಾವಲು ಕಾಯುತ್ತವೆ; ಮಾತು ಕೂಡ ಕಡಿಮೆಯಾಗುತ್ತದೆ. ಇದನ್ನು ತಿನ್ನುವಾಗ ಯಾರಿಗೂ ಕೆಲಸವಿಲ್ಲ.

"ಕಾಣ್" ಎಂದೆ, ತುತ್ತು ಬಾಯಲ್ಲಿಟ್ಟುಕೊಂಡೇ. "ಇದು ಹಲ್ಲು ಹೋದವರ ಊಟ. ಕಣ್ಣು ಮುಚ್ಕಂಡ್ ನುಂಗ್ಲಕ್ಕ್."

ನುಂಗಿದೆ.

ಗಂಟಲಿನ ಬಲಬದಿಯಲ್ಲಿ ಚುಳ್ ಎಂದಿತು.

ಮೊದಲು ನಂಬಲಿಲ್ಲ. ಉಗುಳು ನುಂಗಿದೆ. ಮತ್ತೆ ಚುಳ್. ಕ್ಯಾಶುವಲ್ಟಿಗೆ ಮೀನಿನ ಮುಳ್ಳು ಸಿಕ್ಕಿಸಿಕೊಂಡು ಬಂದ ಎಷ್ಟು ಜನರನ್ನು ನಾನು ನೋಡಿಲ್ಲ! ಬಾಯಿ ತೆರೆಸುವ ಮೊದಲು ಎಲ್ಲರಿಗೂ ಒಂದೇ ಬೈಗುಳ: "ಕಣ್ಣಿಲ್ವಾ ನಿಮಗೆ? ನೋಡಿ ತಿಂಬೂಕೆ ಆಗುದಿಲ್ವಾ?" ಎರಡನೆಯದು, "ಅನ್ನದ ಉಂಡೆ ನುಂಗಿ ಬಂದಿದ್ದೀರಾ? ಯಾರು ಹೇಳಿದ್ದು ನುಂಗೂಕೆ? ಮುಳ್ಳು ಇನ್ನೂ ಒಳಗೆ ಹೋಗ್ತದೆ ಅಂತ ಗೊತ್ತಾಗುದಿಲ್ವಾ?"

ನಾನು ಮುಖದಲ್ಲಿ ಏನೂ ತೋರಿಸದೆ ಅನ್ನದ ಒಂದು ಉಂಡೆ ಕಟ್ಟಿ ನುಂಗಿದೆ. ಹೋಗಲಿಲ್ಲ. ಇನ್ನೊಂದು ದೊಡ್ಡದು ಕಟ್ಟಿದೆ.

"ಅಮ್ಮಮ್ಮಾ" ಎಂದಳು ಅನ್ವಿ, "ಯಾಕೆ ಅಗೀದೇ ನುಂಗ್ತಿದೀಯ?"

ಬಚ್ಚಲಿನ ಕನ್ನಡಿ

ಆರೋಗ್ಯ ಸಲಹೆ ಕೊಡುವ ಒಂದು ದೂರವಾಣಿ ಅಲ್ಲಿದೆ. ಶ್ವೇತಾ ಎರಡು ಸಲ ತಪ್ಪು ಅಂಕೆ ಒತ್ತಿದ ಮೇಲೆ ಫೋನು ಅನ್ವಿಯ ಕೈಗೆ ಹೋಯಿತು. ಅಲ್ಲಿಯೂ ಸರದಿ. ನಿಮ್ಮ ಮುಂದೆ ಇಷ್ಟು ಜನ ಇದ್ದಾರೆ ಎಂದು ಯಂತ್ರ ಹೇಳುತ್ತಲೇ ಇತ್ತು, ಸಂಗೀತ ಹಾಕುತ್ತಲೇ ಇತ್ತು. ನಾನು ಬಚ್ಚಲಿನ ಕನ್ನಡಿಯ ಮುಂದೆ ಬಾಯಿ ತೆರೆದು ನಿಂತೆ. ಕಡೆಗೆ ಒಬ್ಬಳು ನರ್ಸು ಮಾತಿಗೆ ಸಿಕ್ಕಳು.

"ಉಸಿರಾಡೋಕೆ ಆಗುತ್ತಾ ಅಂತ ಕೇಳ್ತಿದಾರೆ."

ತಲೆಯಾಡಿಸಿದೆ.

"ಅನ್ನ ಗಿನ್ನ ನುಂಗಿದ್ರಾ ಅಂತ ಕೇಳ್ತಿದಾರೆ."

ಇಲ್ಲ ಎಂದು ತಲೆಯಾಡಿಸಿದೆ. ಅನ್ವಿ ಸ್ವೀಡಿಷಿನಲ್ಲಿ ಏನೋ ಹೇಳಿದಳು. ಬಹಳ ಉದ್ದವಾಗಿತ್ತು.

"ಏನಂದೆ?"

"ಎರಡು ದೊಡ್ಡ ಉಂಡೆ ಅಂದೆ. ಹಾಗೆ ಮಾಡ್ಬಾರ್ದಂತೆ. ಇನ್ನೂ ಒಳಗೆ ಹೋಗುತ್ತಂತೆ."

"ನಂಗೆ ಗೊತ್ತಿಲ್ವಾ!"

"ಗೊತ್ತಿದ್ರೆ ಯಾಕ್ ನುಂಗ್ದೆ?" ಇದು ಫೋನಿನ ಪ್ರಶ್ನೆಯಲ್ಲ, ಅವಳದೇ. ಆಮೇಲೆ ಮತ್ತೆ ಫೋನಿಗೆ ಕಿವಿಗೊಟ್ಟು, "ತಿನ್ನುವಾಗ ನೋಡ್ಲಿಲ್ವಾ ಅಂತ ಕೇಳ್ತಿದಾರೆ" ಎಂದಳು.

ಸಾವಿರಾರು ಮೈಲು ದೂರದಲ್ಲಿ, ನನಗೆ ಗೊತ್ತಿಲ್ಲದ ಭಾಷೆಯಲ್ಲಿ, ನನ್ನದೇ ಬೈಗುಳ ನನಗೆ ವಾಪಸು ಬಂದಿತ್ತು. ದನಿ ಮಾತ್ರ ಮೆತ್ತಗೆ.

"ನಾನು ನರ್ಸ್ ಅಂತ ಮಾತ್ರ ಹೇಳ್ಬೇಡ" ಎಂದೆ.

"ಆಗ್ಲೇ ಹೇಳ್ದೆ."

"ಏನಂದ್ಳು?"

"ನಗ್ತಿದಾರೆ. ಕಾಣಿಸಿದ್ರೆ ನಿಧಾನ ತೆಗೀಬಹುದಂತೆ. ಕಾಣಿಸದಿದ್ರೆ, ಉಸಿರು ಕಟ್ಟಿದ್ರೆ ಆಸ್ಪತ್ರೆಗೆ ಹೋಗ್ಬೇಕಂತೆ."

ಶ್ವೇತಾ ಹುಬ್ಬು ಕೀಳುವ ಚಿಮಟ ತಂದುಕೊಟ್ಟಳು. ಅದನ್ನು ಐದು ನಿಮಿಷ ಕುದಿಸದೆ ಬಾಯಿಗೆ ಹಾಕಲು ನಾನು ಒಪ್ಪಲಿಲ್ಲ. ಗಂಟಲಿನಲ್ಲಿ ಮುಳ್ಳಿದ್ದರೂ ನಿಯಮ ನಿಯಮವೇ. ಶ್ವೇತಾ ಫೋನಿನ ಟಾರ್ಚು ಹಿಡಿದಳು. ಬೆಳಕು ನನ್ನ ಮೂಗು, ಮಾಡು, ಕನ್ನಡಿ ಎಲ್ಲ ಕಡೆ ಕುಣಿಯಿತು. "ನಂಗಾಗಲ್ಲ" ಎಂದು ಮುಖ ತಿರುಗಿಸಿದಳು. ಗಿರೀಶ ಕಾರಿನ ಕೀಲಿ ಹಿಡಿದು ಹೊಸ್ತಿಲಲ್ಲಿ ನಿಂತಿದ್ದ, ಒಳಗೂ ಬರದೆ, ಹೊರಗೂ ಹೋಗದೆ.

ಅನ್ವಿ ತಾಯಿಯ ಕೈಯಿಂದ ಫೋನು ತೆಗೆದುಕೊಂಡು, ಸ್ಟೂಲು ಹತ್ತಿ, ಬೆಳಕನ್ನು ನನ್ನ ಗಂಟಲಿಗೆ ಹಿಡಿದಳು. ಬೆಳಕು ಅಲುಗಲಿಲ್ಲ. "ಅಲ್ಲಿದೆ. ರೈಟ್ ಸೈಡ್. ವೈಟ್. ಸ್ವಲ್ಪ ಕೆಳಗೆ. ಇನ್ನೂ ಸ್ವಲ್ಪ. ಬಾಯಿ ಮುಚ್ಬೇಡ!"

ಮೂರನೆಯ ಸಲಕ್ಕೆ ಸಿಕ್ಕಿತು. ಬಿಳಿಯ ಹತ್ತಿಯ ಮೇಲೆ ಇಟ್ಟು ನೋಡಿದೆವು. ಉಗುರಿನಷ್ಟು ಉದ್ದ, ಕೂದಲಿನಷ್ಟು ಸಪೂರ. ಮೂವತ್ತನಾಲ್ಕು ವರ್ಷಗಳಲ್ಲಿ ನನಗೆ ಟಾರ್ಚು ಹಿಡಿದವರಲ್ಲಿ ಕೈ ಅಲುಗದವರು ಇಬ್ಬರೋ ಮೂವರೋ. ಇದನ್ನು ನಾನು ಬಾಯಿಬಿಟ್ಟು ಹೇಳಲಿಲ್ಲ. ಗಂಟಲು ನೋಯುತ್ತಿತ್ತು.

ಮಾತಾಡಿದವಳು ಶ್ವೇತಾ. "ಸಾಕು ದೊಡ್ಡಮ್ಮ. ಇನ್ನು ಈ ಮನೇಲಿ ಮುಳ್ಳಿನ ಮೀನು ಬೇಡ. ಇವ್ಳು ಮೊಸರನ್ನ ಉಣ್ಲಿ. ಮದ್ವೆಗೆ ಬರದಿದ್ರೆ ಬರದಿರ್ಲಿ."

ಸಾಕ್ಷಿ ಹತ್ತಿಯ ಮೇಲೆ ಮಲಗಿತ್ತು. ಮಸಾಲೆ ಹಚ್ಚಿದ ಕೊಕ್ಕಿನ ಮೀನನ್ನು ಶ್ವೇತಾ ಡಬ್ಬಿಗೆ ತುಂಬಿ ಫ್ರೀಜರಿನಲ್ಲಿ ಇಟ್ಟಳು, ಬರ್ಗರ್ ಪೆಟ್ಟಿಗೆಯ ಪಕ್ಕದಲ್ಲೇ. ಬೆಳಿಗ್ಗೆ ಐದಕ್ಕೆ ಹಿಡಿದ, ನಾನು ಕಿವಿರು ನೋಡಿ ಆರಿಸಿದ ಮೀನಿಗೂ ಕಡೆಗೆ ಅದೇ ಶವಾಗಾರ.

ಮಂಗಳವಾರ

ಭಾನುವಾರ ಯಾರೂ ಮೀನಿನ ಮಾತೆತ್ತಲಿಲ್ಲ. ನಾನು ಮಜ್ಜಿಗೆ ಕುಡಿದೆ. ಸೋಮವಾರ ನನ್ನ ನಿಯಮ. ಹಿಂತಿರುಗಲು ಐದು ದಿನ ಉಳಿದಿತ್ತು. ಹದಿನೆಂಟು ದಿನ ಸಾಕು ಎಂದವಳು ಬಟ್ಟೆ ಮಡಿಸತೊಡಗಿದ್ದೆ, ನನ್ನದನ್ನೇ.

ಮಂಗಳವಾರ ಸಂಜೆ ಅಡಿಗೆಮನೆಗೆ ಹೋದರೆ ಡಬ್ಬಿ ಕಟ್ಟೆಯ ಮೇಲಿತ್ತು, ಮೀನಿನ ಹೆಪ್ಪು ಪೂರ್ತಿ ಕರಗಿತ್ತು. ಶಾಲೆಯಿಂದ ಬಂದೊಡನೆ ಅನ್ವಿ ಹೊರಗಿಟ್ಟಿದ್ದಳು. ಪಕ್ಕದಲ್ಲಿ ಬರ್ಗರ್ ಪೆಟ್ಟಿಗೆಯ ರಟ್ಟು. ಹಿಂಬದಿಯನ್ನು ಕತ್ತರಿಸಿ ತೆಗೆದು, ಅಲ್ಲಿನ ಸಣ್ಣ ಅಕ್ಷರದ ಕೆಳಗೆ ಪೆನ್ನಿನಿಂದ ಗೆರೆ ಎಳೆದಿದ್ದಳು.

"ಓದ್ಲಾ?" ಎಂದಳು. "'ಸಣ್ಣ ಮುಳ್ಳುಗಳು ಉಳಿದಿರಬ‌ಹುದು.' ನಾನು ಅವತ್ತು ಅಂಗಡೀಲೇ ಹೇಳೋಕೆ ಬಂದೆ. ನೀನು ಬಾಗಿಲು ಅದು ಇದು ಅಂದೆ."

"ಹ್ಞೂಂ."

"ಸೋ ಅವರದು ತಪ್ಪಲ್ಲ."

"ಹ್ಞೂಂ ಅಂದ್ನಲ್ಲ!"

ರೈಲಿನಿಂದ ಬಂದ ಶ್ವೇತಾ ಚೀಲ ಇಳಿಸುವ ಮೊದಲೇ ಡಬ್ಬಿ ನೋಡಿದಳು. "ಅನ್ವೀ, ನಾನೇನಂದಿದ್ದೆ?"

"ಅಮ್ಮಾ, ಅಮ್ಮಮ್ಮ ತಿಂದ್ರು. ಪೂರ್ತಿ ಅಲ್ಲ, ಆದ್ರೆ ಆಸ್ಪತ್ರೆ ಕೇಸು, ಅದಕ್ಕೆ ಎಕ್ಸ್‌ಕ್ಯೂಸ್. ಈಗ ನನ್ ಟರ್ನ್."

"ಮೊನ್ನೆ ನೋಡಿದ್ಯಲ್ಲ ಏನಾಯ್ತು ಅಂತ!"

"ನೋಡ್ದೆ. ಅದ್ರಲ್ಲಿ ಮುಳ್ಳು ಇಲ್ಲ ಅಂದ್ಕೊಂಡು ಅಮ್ಮಮ್ಮ ನೋಡ್ಲೇ ಇಲ್ಲ. ಇದ್ರಲ್ಲಿ ಇದೆ ಅಂತ ಗೊತ್ತಲ್ಲ. ಅದೂ ಹಸಿರು." ಅವಳು ತುಂಡನ್ನು ಬೆಳಕಿಗೆ ಎತ್ತಿ ಹಿಡಿದಳು. "ಇದು ಹೇಳಿ ಚುಚ್ಚುತ್ತೆ."

ಶ್ವೇತಾ ನನ್ನ ಕಡೆ ನೋಡಿದಳು. ನಾನು ಆ ಹೊತ್ತಿಗೆ ತವಾ ಒಲೆಯ ಮೇಲಿಟ್ಟು, ರವೆಯ ಡಬ್ಬಿ ಹುಡುಕುತ್ತಿದ್ದೆ. ಗಿರೀಶ ಎದ್ದು ಒಂದೊಂದಾಗಿ ಎಲ್ಲ ಕಿಟಕಿಗಳನ್ನೂ ತೆರೆದ. ಅವನ ಬದುಕಿನಲ್ಲಿ ಅವನು ಒಂದು ಪಕ್ಷ ವಹಿಸಿದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಅನ್ವಿ ತಿನ್ನಲು ನಲವತ್ತು ನಿಮಿಷ ತೆಗೆದುಕೊಂಡಳು. ನಾನು ಒಂದೇ ಸಲ ಬೆರಳು ಹಿಡಿದು ತೋರಿಸಿದೆ: ಬೆನ್ನಿನ ಗೆರೆಯಿಂದ ಶುರು, ಹೊಟ್ಟೆಯ ಕಡೆಗೆ ಸರಿಸುವುದು, ಎಳೆಯಬಾರದು. ಆಮೇಲೆ ಕೈ ಹಿಂದೆ ತೆಗೆದೆ. ಅನ್ವಿ ಪ್ರತಿ ತುತ್ತನ್ನೂ ಬೆರಳಿನಲ್ಲಿ ಒತ್ತಿ, ನಾಲಿಗೆಯಲ್ಲಿ ತಿರುವಿ, ಅಗಿದು ನುಂಗಿದಳು. ತೆಗೆದ ಮುಳ್ಳುಗಳನ್ನು ತಟ್ಟೆಯ ಅಂಚಿನಲ್ಲಿ ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿದಳು, ನನ್ನ ಟ್ರೇಯಲ್ಲಿ ಸೂಜಿಗಳನ್ನು ಇಡುತ್ತಿದ್ದ ಹಾಗೆ. ಇಪ್ಪತ್ತಮೂರು ಹಸಿರು ಮುಳ್ಳು.

ಫೋಟೊ ತೆಗೆದು ಕುಂದಾಪುರದ ಮಕ್ಕಳಿಗೆ ಕಳಿಸಿದಳು. ಅಲ್ಲಿ ಮಲಗುವ ಹೊತ್ತು, ಆದರೂ ನಿಮಿಷದೊಳಗೆ ಉತ್ತರ ಬಂತು: "ಇದೆಂತ ಮೀನ್? ಮುಳ್ಳ್ ಹಸ್ರ್ ಆಪುದ್ ಹ್ಯಾಂಗೆ?"

ಅನ್ವಿ ಸ್ವಲ್ಪ ಯೋಚಿಸಿ ಬರೆದಳು: "ನಿಮ್ಗೆ ಗೊತ್ತಿಲ್ವಾ?" ಅಷ್ಟೇ. ಫಿಶ್ ಫಿಂಗರ್ ಎಂದು ಆಮೇಲೆ ಯಾರೂ ಬರೆಯಲಿಲ್ಲ.

ನನ್ನ ಪಾಲಿಗೆ ಬರ್ಗರು ಉಳಿದಿತ್ತು. ಹನ್ನೆರಡರಲ್ಲಿ ನಾನು ತಿಂದದ್ದು ಒಂದರ ಮುಕ್ಕಾಲು ಭಾಗ. ತಂದದ್ದನ್ನು ಬಿಸಾಡುವುದು ನನ್ನ ಕ್ರಮದಲ್ಲಿಲ್ಲ. ಹಾಗಾಗಿ ಹೊರಡುವವರೆಗೆ ದಿನಕ್ಕೊಂದರಂತೆ ಆರೂವರೆಗೆ ಸರಿಯಾಗಿ ತಿಂದೆ. ಸಾಸಿಲ್ಲದೆ, ಬನ್ನಿಲ್ಲದೆ, ಬಂಗುಡೆಯನ್ನು ಬಿಡಿಸುವ ಹಾಗೆ ಬೆರಳಿನಿಂದ ಪುಡಿ ಪುಡಿ ಮಾಡಿ, ಒಂದೊಂದು ಚೂರನ್ನೂ ಬೆಳಕಿಗೆ ಹಿಡಿದು ನೋಡಿ. ನಾಲ್ಕು ದಿನದಲ್ಲಿ ಇನ್ನೊಂದು ಮುಳ್ಳು ಸಿಗಲಿಲ್ಲ. ಇದ್ದ ಒಂದೇ ಒಂದು ನನಗಾಗಿ ಕಾದಿತ್ತು.

ಕೊನೆಯ ಸಂಜೆ ಅನ್ವಿ ಎದುರು ಕೂತು ನನ್ನ ಈ ಶೋಧವನ್ನು ನೋಡುತ್ತಿದ್ದಳು.

"ಡಿಸೆಂಬರಿಗೆ ಬರ್ತೀನಿ" ಎಂದಳು. "ಆದ್ರೆ ಊಟಕ್ಕೆ ನೀನು ನನ್ ಪಕ್ಕನೇ ಕೂರ್ಬೇಕು."

"ಎಂತಕ್ಕೆ? ನಿಂಗೆ ಮುಳ್ಳು ತೆಗೆದು ಕೊಡೂಕಾ?"

"ನೇಯ್." ಆ ದೇಶದಲ್ಲಿ ಇಲ್ಲ ಎನ್ನುವುದು ಹೀಗೆ. "ನಾನು ನಿಂಗೆ ನೋಡಿ ಕೊಡೋಕೆ."

ಗಂಟಲು ಇನ್ನೂ ಸ್ವಲ್ಪ ಚುರುಗುಟ್ಟುತ್ತಿತ್ತು. ನೋಡಿ ಕೊಡಲೆಂದು ತಟ್ಟೆಯನ್ನು ಅವಳ ಕಡೆಗೆ ಸರಿಸಿದೆ.